ಹಳ್ಳಿಯ ಬ್ಯಾಂಕಿನ ಜನಕ ರೈಫೈಸನ್

ನಮ್ಮ ಕಾಸರಗೋಡಿನ ಕಡೆಯಲ್ಲಿ ಸೊಸೈಟಿ ಎಂದರೆ ತಿಳಿಯದವರಿಲ್ಲ. ತೋಟಕ್ಕೆ ಗೊಬ್ಬರ ಬೇಕಾದರೆ ಸೊಸೈಟಿ, ಚಿನ್ನ ಅಡವಿಡಬೇಕಾದರೆ ಸೊಸೈಟಿ, ದನ ಕೊಳ್ಳಲು ಸಾಲ ಬೇಕಾದರೂ ಸೊಸೈಟಿ. ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಸಹಕಾರಿ ಸಪ್ತಾಹ ಬರುತ್ತದೆ. ಆಗ ಮಕ್ಕಳಿಗೆ ಪ್ರಬಂಧ ಸ್ಪರ್ಧೆಯೂ ಇರುತ್ತದೆ. ಆ ಪ್ರಬಂಧಗಳನ್ನು ಓದುವ ಕೆಲಸ ಕನ್ನಡ ಪಂಡಿತರ ಪಾಲಿಗೇ ಬರುವುದರಿಂದ ನಾನೊಂದು ವಿಷಯವನ್ನು ಗಮನಿಸಿದ್ದೇನೆ. ಹೆಚ್ಚಿನವರು 1904ರ ಸಹಕಾರಿ ಕಾಯಿದೆಯಿಂದ ಆರಂಭಿಸುತ್ತಾರೆ. ಆ ಕಾಯಿದೆ ಎಲ್ಲಿಂದ ಬಂತು, ಅದರ ಹಿಂದೆ ಯಾರ ಬದುಕು ಸವೆದಿದೆ ಎಂದು ಕೇಳುವವರು ಕಡಿಮೆ. ಅದನ್ನು ತಿಳಿಯಬೇಕಾದರೆ ಸುಮಾರು ನೂರ ಎಂಬತ್ತು ವರ್ಷ ಹಿಂದಕ್ಕೆ, ಜರ್ಮನಿಯ ಒಂದು ಬಡ ಗುಡ್ಡಗಾಡಿಗೆ ಹೋಗಬೇಕಾಗುತ್ತದೆ.

ಆ ಗುಡ್ಡಗಾಡಿನ ಹೆಸರು ವೆಸ್ಟರ್‌ವಾಲ್ಡ್. ರೈನ್ ನದಿಯ ಪೂರ್ವಕ್ಕಿರುವ ಎತ್ತರದ ಸೀಮೆ. ಚಳಿ, ಗಾಳಿ, ಮಳೆ ಹೆಚ್ಚು. ಮಣ್ಣಿನಲ್ಲಿ ಸಾರ ಕಡಿಮೆ. ತಂದೆಯ ಭೂಮಿ ಮಕ್ಕಳಿಗೆ, ಮಕ್ಕಳದು ಮೊಮ್ಮಕ್ಕಳಿಗೆ ಎಂದು ಪಾಲಾಗಿ ಪಾಲಾಗಿ ಒಬ್ಬೊಬ್ಬನ ಕೈಯಲ್ಲಿ ಉಳಿದದ್ದು ಒಂದೆರಡು ತುಂಡು ಹೊಲ, ಒಂದು ಹಸು. ಆಗ ಜರ್ಮನಿ ಎಂಬ ಒಂದೇ ರಾಜ್ಯ ಇನ್ನೂ ಆಗಿರಲಿಲ್ಲ. ಈ ಸೀಮೆ ಪ್ರಷ್ಯದ ಅರಸನ ಆಡಳಿತಕ್ಕೆ ಸೇರಿತ್ತು. ಇಲ್ಲಿ ಸೀಗ್ ನದಿಯ ದಡದ ಹಾಮ್ ಎಂಬ ಊರಿನಲ್ಲಿ 1818ನೇ ಇಸವಿ ಮಾರ್ಚ್ 30ರಂದು ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಜನಿಸಿದರು. ಒಂಬತ್ತು ಮಂದಿ ಮಕ್ಕಳಲ್ಲಿ ಏಳನೆಯವರು. ತಂದೆ ಸ್ವಲ್ಪ ಕಾಲ ಆ ಊರಿನ ಮೇಯರರಾಗಿದ್ದರು. ಮಗು ಚಿಕ್ಕದಿರುವಾಗಲೇ ಅವರ ಹುದ್ದೆ ಹೋಯಿತು, ಸಂಸಾರದ ಭಾರವೆಲ್ಲ ತಾಯಿಯ ತಲೆಯ ಮೇಲೆ ಬಿತ್ತು. ಹುಡುಗನನ್ನು ದೊಡ್ಡ ಶಾಲೆಗೆ ಕಳುಹಿಸುವ ಅನುಕೂಲ ಆ ಮನೆಗೆ ಇರಲಿಲ್ಲ. ಊರ ಪಾದ್ರಿಯೊಬ್ಬರು ತಮ್ಮ ಮನೆಯಲ್ಲಿಯೇ ಪಾಠ ಹೇಳಿಕೊಟ್ಟರು. ಕಾಲೇಜಿನ ಮೆಟ್ಟಿಲನ್ನು ರೈಫೈಸನ್ ಹತ್ತಲೇ ಇಲ್ಲ.

ಹದಿನೇಳರ ಹರೆಯದಲ್ಲಿ ಅವರು ಸೈನ್ಯದ ಫಿರಂಗಿ ದಳಕ್ಕೆ ಸೇರಿದರು. ಬಡವರ ಮಕ್ಕಳಿಗೆ ಊಟ, ಬಟ್ಟೆ, ವಿದ್ಯೆ ಒಟ್ಟಿಗೆ ಸಿಗುವ ಜಾಗ ಅಂದು ಸೈನ್ಯವೇ. ಅಲ್ಲಿ ಮೇಲಕ್ಕೇರುವ ಲಕ್ಷಣವೂ ಇತ್ತು. ಆದರೆ ಕಣ್ಣಿನ ರೋಗ ಹಿಡಿಯಿತು. 1843ರಲ್ಲಿ ಸೈನ್ಯವನ್ನು ಬಿಡಬೇಕಾಯಿತು. ಈ ಕಣ್ಣಿನ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಅನಂತರ ಸರಕಾರಿ ಕಚೇರಿಯಲ್ಲಿ ಕೆಲಸ ಕಲಿತು, 1845ರಲ್ಲಿ ವೈಯರ್‌ಬುಷ್ ಎಂಬಲ್ಲಿ ಮೇಯರರಾಗಿ ನೇಮಕಗೊಂಡರು. ಮೇಯರ್ ಎಂದೊಡನೆ ಮಕ್ಕಳು ಇಂದಿನ ದೊಡ್ಡ ಪಟ್ಟಣಗಳ ಮೇಯರರನ್ನು ಊಹಿಸಬಾರದು. ಅದು ಜನರು ಆರಿಸಿದ ಹುದ್ದೆಯಲ್ಲ, ಸರಕಾರ ನೇಮಿಸಿದ್ದು. ನಮ್ಮ ಹಿಂದಿನ ಪಟೇಲರಿಗೂ ತಹಸೀಲ್ದಾರರಿಗೂ ನಡುವಿನದೆಂದು ತಿಳಿದರೆ ಸಾಕು. ಸುಮಾರು ಇಪ್ಪತ್ತು ಹಳ್ಳಿಗಳು ಅವರ ಕೈಕೆಳಗೆ ಬಂದವು. ಅದೇ ವರ್ಷ ಎಮಿಲಿ ಎಂಬ ಕನ್ಯೆಯೊಡನೆ ವಿವಾಹವೂ ಆಯಿತು.

ಹುದ್ದೆಗೆ ಬಂದು ವರ್ಷವೆರಡು ಆಗುವಷ್ಟರಲ್ಲಿ ಹಸಿವು ಬಂತು. ಆಲೂಗಡ್ಡೆ ಆ ಬಡವರ ಅನ್ನ. 1845ರಿಂದ ಯುರೋಪಿನಲ್ಲೆಲ್ಲ ಆಲೂಗಡ್ಡೆಗೆ ಕೊಳೆರೋಗ ತಗಲಿತು. ನಮ್ಮ ಅಡಿಕೆಯ ಕೊಳೆರೋಗವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅಡಿಕೆ ಹೋದರೆ ಹಣ ಹೋಗುತ್ತದೆ, ಅಲ್ಲಿ ಹೋದದ್ದು ಊಟವೇ. 1846ರಲ್ಲಿ ಧಾನ್ಯದ ಬೆಳೆಯೂ ಕೈಕೊಟ್ಟಿತು. 1846-47ರ ಚಳಿಗಾಲವನ್ನು ಆ ಸೀಮೆಯ ಜನ ಹಸಿವಿನ ಚಳಿಗಾಲವೆಂದೇ ಕರೆದರು. ನಮ್ಮ ಹಿರಿಯರು ಆಟಿ ತಿಂಗಳ ಕಷ್ಟವನ್ನು ಹೇಳುವುದುಂಟು. ಆಟಿಗೆ ಕೊನೆಯಿತ್ತು, ಅದರ ಹಿಂದೆಯೇ ಸೋಣ ತಿಂಗಳು ಬರುತ್ತಿತ್ತು. ಆ ಚಳಿಗಾಲ ಮುಗಿದರೂ ಬಿತ್ತಲು ಬೀಜವೇ ಇರಲಿಲ್ಲ, ಇದ್ದುದನ್ನು ಬೇಯಿಸಿ ತಿಂದಾಗಿತ್ತು.

ಸರಕಾರ ಸುಮ್ಮನೆ ಕೂರಲಿಲ್ಲ. ತನ್ನ ಉಗ್ರಾಣದಿಂದ ಹಿಟ್ಟನ್ನು ಕಳುಹಿಸಿತು. ಜತೆಗೆ ಒಂದು ಹುಕುಂ ಕೂಡ ಬಂತು: ಕೈಯಲ್ಲಿ ನಗದು ಹಣ ಹಿಡಿದು ಬಂದವರಿಗೆ ಮಾತ್ರ ಹಿಟ್ಟು ಕೊಡತಕ್ಕದ್ದು. ಈ ಹುಕುಮನ್ನು ಬರೆದವನು ಕೆಟ್ಟವನೆಂದು ನಾನು ಹೇಳಲಾರೆ. ಸರಕಾರದ ಲೆಕ್ಕಕ್ಕೆ ಅಂಥ ಕಟ್ಟುನಿಟ್ಟು ಬೇಕಾಗುತ್ತದೆ. ಆದರೆ ಹಣವಿದ್ದವನಿಗೆ ಸರಕಾರದ ಹಿಟ್ಟು ಯಾಕೆ? ಹಣವಿಲ್ಲದ್ದರಿಂದಲೇ ಅಲ್ಲವೇ ಹಸಿವು? ಗೋದಾಮಿನಲ್ಲಿ ಹಿಟ್ಟು, ಹೊರಗೆ ಹಸಿದವರು, ನಡುವೆ ಒಂದು ಕಾಗದ.

ಯುವಕ ಮೇಯರ್ ಹುಕುಮನ್ನು ಮೀರಿದರು. ಊರಿನ ಕೆಲವರನ್ನು ಕೂಡಿಸಿ ಬಡವರಿಗಾಗಿ ಒಂದು ಸಮಿತಿ ಮಾಡಿ, ಹಣವಿಲ್ಲದವರಿಗೂ ಹಿಟ್ಟನ್ನು ಕಡವಾಗಿ ಕೊಡಿಸಿದರು. ಮೇಲಧಿಕಾರಿಗಳಿಗೆ ಇದು ರುಚಿಸಲಿಲ್ಲ. ಸಂಸಾರಸ್ಥ, ಹೊಸದಾಗಿ ನೌಕರಿಗೆ ಸೇರಿದವನು, ಕೈಯಲ್ಲಿ ಬೇರೆ ಆಸ್ತಿಯಿಲ್ಲದವನು ಹೀಗೆ ಮಾಡುವುದೆಂದರೆ ಚಿಕ್ಕ ಮಾತಲ್ಲ. ಸರಕಾರಿ ಸಂಬಳದಲ್ಲಿ ಜೀವಿಸುವ ನಮಗೆ ಅದರ ತೂಕ ಗೊತ್ತು.

ಅಷ್ಟಕ್ಕೆ ನಿಲ್ಲದೆ ಅವರು ಊರಿನ ಅನುಕೂಲಸ್ಥರನ್ನು ಒಲಿಸಿ ಹಣ ಕೂಡಿಸಿದರು. ಆ ಹಣದಿಂದ ಧಾನ್ಯವನ್ನು ಒಟ್ಟಾಗಿ ಕೊಂಡು ತಂದು, ಊರ ಮಧ್ಯದಲ್ಲಿ ಒಂದು ಸಾರ್ವಜನಿಕ ಒಲೆಮನೆಯನ್ನು ಕಟ್ಟಿಸಿ, ಅಲ್ಲಿಯೇ ರೊಟ್ಟಿ ಸುಡಿಸಿ ಹಂಚಿದರು. ಇದಕ್ಕೆ ರೊಟ್ಟಿ ಸಂಘವೆಂದು ಹೆಸರು. ರೊಟ್ಟಿಯ ಬೆಲೆ ವರ್ತಕರ ದರಕ್ಕಿಂತ ಬಹಳ ಕೆಳಗಿಳಿಯಿತು. ರೊಟ್ಟಿಯನ್ನು ಧರ್ಮಕ್ಕೆ ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ಪಡೆದವನ ಹೆಸರಿನಲ್ಲಿ ಬರೆದುಕೊಂಡು, ಅನುಕೂಲವಾದಾಗ ತೀರಿಸುವ ಮಾತಿನ ಮೇಲೆ ಕೊಟ್ಟರು. ಬಿತ್ತನೆಯ ಆಲೂಗಡ್ಡೆಯನ್ನೂ ಹಾಗೆಯೇ ತರಿಸಿಕೊಟ್ಟರು. ಕೈಯೊಡ್ಡಿ ಬೇಡದೆ, ಲೆಕ್ಕದ ಪುಸ್ತಕದಲ್ಲಿ ಹೆಸರು ಬರೆಸಿ ರೊಟ್ಟಿ ಒಯ್ಯುವವನ ಮುಖ ಬೇರೆಯೇ ಇರುತ್ತದೆ.

ಶಾಲೆಯನ್ನೂ ಕಟ್ಟಿಸಿದರು. ರಸ್ತೆಯ ಕೆಲಸಕ್ಕೂ ಕೈಹಾಕಿದರು. ಗುಡ್ಡದ ಮೇಲೆ ಬೆಳೆದದ್ದು ರೈನ್ ದಡದ ಪೇಟೆಗೆ ಇಳಿಯದಿದ್ದರೆ ಬೆಳೆದೂ ಪ್ರಯೋಜನವಿಲ್ಲ. ವೈಯರ್‌ಬುಷ್‌ನಿಂದ ಮುಂದೆ ವರ್ಗವಾದ ಊರುಗಳಲ್ಲಿಯೂ ಅವರು ಈ ರಸ್ತೆಯ ಹಟವನ್ನು ಬಿಡಲಿಲ್ಲ. ಹಾಮ್‌ನಿಂದ ಹೊರಟು ಗುಡ್ಡಗಳ ಮೂಲಕ ನೊಯ್‌ವೀಡ್ ಪೇಟೆಯತ್ತ ಇಳಿಯುವ ಆ ದಾರಿಗೆ ಇಂದು ಅವರ ಹೆಸರೇ ಇದೆ. ರಸ್ತೆ, ಶಾಲೆ, ಬೀಜ ಇವು ಮೂರೂ ಸರಕಾರದ ಕೈ ತಾಗದೆ ಆಗುವ ಕೆಲಸಗಳಲ್ಲ. ಸಹಕಾರದ ಬಗ್ಗೆ ಭಾಷಣ ಮಾಡುವವರು ಇದನ್ನು ಮರೆಯುವುದುಂಟು.

1848ರಲ್ಲಿ ರೈಫೈಸನ್‌ರಿಗೆ ಫ್ಲಾಮರ್ಸ್‌ಫೆಲ್ಟ್ ಎಂಬಲ್ಲಿಗೆ ವರ್ಗವಾಯಿತು. ಅಲ್ಲಿ ಹಸಿವಿಗಿಂತಲೂ ಸಾಲ ದೊಡ್ಡ ಪಿಡುಗು. ಬಡ ರೈತನಿಗೆ ಹಸು ಬೇಕು. ಹಸುವಿಲ್ಲದಿದ್ದರೆ ಹಾಲಿಲ್ಲ, ಗೊಬ್ಬರವಿಲ್ಲ, ಉಳುಮೆಯೂ ಇಲ್ಲ. ದನದ ವ್ಯಾಪಾರಿ ಹಸುವನ್ನು ಹಟ್ಟಿಯಲ್ಲಿ ತಂದು ಕಟ್ಟುತ್ತಿದ್ದ. ಸಾಕುವವನು ರೈತ, ಒಡೆಯ ವ್ಯಾಪಾರಿ. ಕಂತು ತಪ್ಪಿದರೆ ಹಸುವೂ ಹೋಯಿತು, ಕೊಟ್ಟ ಹಣವೂ ಹೋಯಿತು. ಬಡ್ಡಿ ಬೆಳೆದು ಕೊನೆಗೆ ಹೊಲವೂ ಹರಾಜಿಗೆ. 1849ರ ಕೊನೆಯಲ್ಲಿ ರೈಫೈಸನ್ ಅಲ್ಲಿನ ಅರುವತ್ತು ಮಂದಿ ಅನುಕೂಲಸ್ಥರನ್ನು ಸೇರಿಸಿ ಒಂದು ಸಹಾಯಕ ಸಂಘವನ್ನು ಸ್ಥಾಪಿಸಿದರು. ಈ ಅರುವತ್ತು ಮಂದಿ ತಮ್ಮ ಆಸ್ತಿಯನ್ನೆಲ್ಲ ಒಟ್ಟಿಗೆ ಜಾಮೀನಾಗಿ ನಿಲ್ಲಿಸಿದರು. ಆ ಜಾಮೀನಿನ ಬಲದಿಂದ ಸಂಘಕ್ಕೆ ಸಾಲ ಸಿಕ್ಕಿತು. ಸಂಘ ದನಗಳನ್ನು ಕೊಂಡು ರೈತರಿಗೆ ಕೊಟ್ಟಿತು. ತೀರಿಸಲು ಐದು ವರ್ಷಗಳ ವಾಯಿದೆ. ಮುಂದೆ ನಗದು ಸಾಲವನ್ನೂ ಕೊಡತೊಡಗಿತು.

1852ರಲ್ಲಿ ಮತ್ತೆ ವರ್ಗ. ಈ ಸಲ ನೊಯ್‌ವೀಡ್ ಪಟ್ಟಣಕ್ಕೆ ಅಂಟಿಕೊಂಡ ಹೆಡ್ಡೆಸ್ಡಾರ್ಫ್. ಇಲ್ಲಿಯೇ ಅವರು ತಮ್ಮ ಜೀವನದ ದೊಡ್ಡ ಪಾಠವನ್ನು ಕಲಿತರು. 1854ರಲ್ಲಿ ಅಲ್ಲಿ ಒಂದು ಪರೋಪಕಾರಿ ಸಂಘವನ್ನು ಕಟ್ಟಿದರು. ಅನಾಥರಂತೆ ಅಲೆಯುವ ಮಕ್ಕಳ ವಿದ್ಯಾಭ್ಯಾಸ, ಕೆಲಸವಿಲ್ಲದವರಿಗೆ ಕೆಲಸ, ಸೆರೆಮನೆಯಿಂದ ಬಿಡುಗಡೆಯಾದವರಿಗೆ ಆಸರೆ, ರೈತರಿಗೆ ಸಾಲ, ಹೀಗೆ ಎಲ್ಲವನ್ನೂ ಒಂದೇ ಸಂಘ ಮಾಡಬೇಕೆಂಬ ಆಸೆ. ಹಣ ಮತ್ತು ಜಾಮೀನು ಶ್ರೀಮಂತರದು, ಉಪಕಾರ ಬಡವರಿಗೆ. ಅವರು ದೈವಭಕ್ತರು, ಇದ್ದವನು ಇಲ್ಲದವನಿಗೆ ಕೊಡುವುದು ಧರ್ಮವೆಂದು ದೃಢವಾಗಿ ನಂಬಿದ್ದರು.

ಕೆಲವು ವರ್ಷ ಚೆನ್ನಾಗಿ ನಡೆಯಿತು. ಅನಂತರ ಒಂದೊಂದೇ ಕೆಲಸ ನಿಂತುಹೋಯಿತು. ಶ್ರೀಮಂತರಿಗೆ ಬೇಸರ ಬಂತು. ಪಡೆಯುವವರು ಬೇರೆ, ಹೊಣೆ ಹೊರುವವರು ಬೇರೆ ಆದಾಗ ಹೀಗಾಗದೆ ಇರುವುದಿಲ್ಲ. ಇನ್ನೊಬ್ಬನ ಸಾಲಕ್ಕೆ ಜಾಮೀನು ನಿಂತು ಪೆಟ್ಟು ತಿಂದವರು ನಮ್ಮ ಹೆತ್ತವರಲ್ಲಿಯೂ ಇದ್ದಾರು; ಆ ಶ್ರೀಮಂತರನ್ನು ಅವರು ತೀರ ಬೈಯಲಾರರು. ಕೊನೆಗೆ ಉಳಿದದ್ದು ಸಾಲ ಕೊಡುವ ಕೆಲಸವೊಂದೇ.

ಇದೇ ಕಾಲದಲ್ಲಿ ಷುಲ್ಟ್ಸೆ-ಡೆಲಿಚ್ ಎಂಬ ಇನ್ನೊಬ್ಬ ಜರ್ಮನರು ಪಟ್ಟಣದ ಬಡಗಿ, ಚಮ್ಮಾರ, ಸಣ್ಣ ವರ್ತಕರಿಗಾಗಿ ಸಾಲದ ಸಂಘಗಳನ್ನು ನಡೆಸುತ್ತಿದ್ದರು. ಅಲ್ಲಿ ಸಾಲ ಪಡೆಯುವವರೇ ಸದಸ್ಯರು, ಅವರೇ ಹೊಣೆಗಾರರು. ರೈಫೈಸನ್‌ರಿಗೂ ಅವರಿಗೂ ಪತ್ರವ್ಯವಹಾರ ನಡೆಯಿತು. ಬಡ ರೈತನಿಗೆ ಹೊಣೆ ಹೊರುವ ಶಕ್ತಿ ಇದ್ದೀತೆಂದು ನಂಬಲು ರೈಫೈಸನ್‌ರಿಗೆ ಸಮಯ ಹಿಡಿಯಿತು. ನಾಲ್ವತ್ತು ದಾಟಿದ ಮೇಲೆ ತಾನು ಹದಿನೈದು ವರ್ಷ ಮಾಡಿದ ಕ್ರಮ ಸಾಲದು ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ. ಅವರು ಒಪ್ಪಿಕೊಂಡರು. 1862ರಲ್ಲಿ ಆನ್‌ಹೌಸನ್ ಎಂಬ ಹಳ್ಳಿಯಲ್ಲಿಯೂ 1864ರಲ್ಲಿ ಹೆಡ್ಡೆಸ್ಡಾರ್ಫ್‌ನಲ್ಲಿಯೂ ಹೊಸ ಕ್ರಮದ ಸಾಲ ಸಂಘಗಳು ಹುಟ್ಟಿದವು.

ಅದರ ಕ್ರಮ ಹೇಗೆಂದರೆ, ಒಂದು ಸಂಘಕ್ಕೆ ಒಂದೇ ಸಣ್ಣ ಊರು. ಒಬ್ಬನ ಗುಣ ಇನ್ನೊಬ್ಬನಿಗೆ ಗೊತ್ತಿರುವಷ್ಟು ಸಣ್ಣದು. ಸಾಲ ಬೇಕಾದವನು ಸದಸ್ಯನಾಗಬೇಕು. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಎಲ್ಲ ಆಸ್ತಿಯಿಂದ ಹೊಣೆ. ಇದಕ್ಕೆ ಅಪರಿಮಿತ ಹೊಣೆಗಾರಿಕೆ ಎಂದು ಹೆಸರು. ಒಬ್ಬೊಬ್ಬನದು ಅರ್ಧ ಎಕರೆಯಾದರೂ ನೂರು ಮಂದಿಯ ಹೊಲಗಳು ಒಟ್ಟಾದಾಗ ಪೇಟೆಯ ಧನಿಕನೂ ನಂಬಿ ಹಣ ಇಡುತ್ತಾನೆ. ಹಸುವಿಗೆಂದು ಪಡೆದ ಹಣವನ್ನು ಹೆಂಡದಂಗಡಿಗೆ ಒಯ್ದರೆ ನೆರೆಯವನು ಸುಮ್ಮನಿರುವುದಿಲ್ಲ, ಏಕೆಂದರೆ ಅವನ ಹೊಲವೂ ಆ ಸಾಲದೊಳಗಿದೆ. ಸಾಲದ ವಾಯಿದೆ ಬೆಳೆಯನ್ನೂ ದನವನ್ನೂ ನೋಡಿ ನಿಶ್ಚಯವಾಗಬೇಕು. ಆಡಳಿತ ಮಂಡಳಿಯವರಿಗೆ ಸಂಬಳವಿಲ್ಲ; ಲೆಕ್ಕ ಬರೆಯುವವನಿಗೆ ಮಾತ್ರ ಉಂಟು. ಲಾಭವನ್ನು ಹಂಚಿಕೊಳ್ಳುವಂತಿಲ್ಲ, ಅದು ಯಾರೂ ಒಡೆಯಲಾಗದ ನಿಧಿಯಾಗಿ ಊರಿಗೆ ಉಳಿಯಬೇಕು.

ಇಷ್ಟು ಹೇಳಿದ ಮೇಲೆ ಒಂದು ಕುಂದನ್ನೂ ಹೇಳಬೇಕು. ಆ ಸೀಮೆಯಲ್ಲಿ ಹಣ ಮತ್ತು ದನದ ವ್ಯಾಪಾರ ಮಾಡುವವರಲ್ಲಿ ಯೆಹೂದ್ಯರೂ ಇದ್ದರು. ಕೆಲವರ ತಪ್ಪನ್ನು ಇಡೀ ಜನಾಂಗದ ತಲೆಗೆ ಕಟ್ಟುವುದು ಆ ಕಾಲದ ಚಾಳಿ. ರೈಫೈಸನ್‌ರ ಬರವಣಿಗೆಯಲ್ಲಿಯೂ ಆ ದೋಷ ಕಾಣುತ್ತದೆ. ದೊಡ್ಡವರ ಚರಿತ್ರೆ ಬರೆಯುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ.

ಊರಿನ ಕೆಲಸ ನೇರವಾಗುತ್ತಿದ್ದಂತೆ ಮನೆಯಲ್ಲಿ ಕತ್ತಲೆ ಕವಿಯಿತು. ಏಳು ಮಕ್ಕಳಲ್ಲಿ ಮೂವರು ಎಳವೆಯಲ್ಲಿಯೇ ತೀರಿಕೊಂಡಿದ್ದರು. 1863ರಲ್ಲಿ ಪತ್ನಿ ಎಮಿಲಿಯೂ ತೀರಿಹೋದರು. ಅವರಿಗೂ ಕಠಿಣವಾದ ಜ್ವರ ಬಂದು ಆರೋಗ್ಯ ಕೆಟ್ಟಿತು; ಕಣ್ಣಿನ ದೃಷ್ಟಿ ಮಸುಕಾಗುತ್ತ ಬಂತು. 1865ರಲ್ಲಿ, ನಾಲ್ವತ್ತೇಳರ ಪ್ರಾಯದಲ್ಲಿ, ಹುದ್ದೆಯಿಂದ ನಿವೃತ್ತರಾಗಬೇಕಾಯಿತು. ಸಿಕ್ಕುವ ಪಿಂಚಣಿ ಸಂಸಾರಕ್ಕೆ ಸಾಲದು. ಸಿಗಾರ್ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಆರಂಭಿಸಿದರು, ಅದು ಕೈಗೂಡಲಿಲ್ಲ. ಅನಂತರ ದ್ರಾಕ್ಷಾರಸದ ವ್ಯಾಪಾರ ಹಿಡಿದು ಜೀವನ ಸಾಗಿಸಿದರು. ಊರೂರಿನ ಸಾಲದ ಲೆಕ್ಕವನ್ನು ನೇರ್ಪಡಿಸಿದವರಿಗೆ ಸ್ವಂತ ವ್ಯಾಪಾರದ ಲೆಕ್ಕ ನೇರಾಗಲಿಲ್ಲ.

ಆಗ ನೆರವಾದವಳು ಹಿರಿಯ ಮಗಳು ಅಮಾಲಿ. ಹದಿನೆಂಟು ಇಪ್ಪತ್ತರ ಹುಡುಗಿ ತಂದೆಯ ಕಣ್ಣಾದಳು. ಬಂದ ಪತ್ರಗಳನ್ನು ಓದಿ ಹೇಳುವುದು, ತಂದೆ ಹೇಳಿದ್ದನ್ನು ಬರೆದುಕೊಳ್ಳುವುದು, ಸಂಘಗಳ ಲೆಕ್ಕ ನೋಡುವುದು ಎಲ್ಲವೂ ಅವಳದೇ ಕೆಲಸ. 1866ರಲ್ಲಿ ರೈಫೈಸನ್‌ರು ಸಾಲ ಸಂಘಗಳ ಮೇಲೆ ಬರೆದ ಗ್ರಂಥ ಹೊರಬಂತು. ಅವರು ಬದುಕಿರುವಾಗಲೇ ಅದು ಐದು ಸಲ ಅಚ್ಚಾಯಿತು. ಅದನ್ನು ಓದಿ ದೂರದ ಊರುಗಳವರು ಪತ್ರ ಬರೆದರು, ಹುಡುಕಿಕೊಂಡು ಬಂದರು, ತಮ್ಮಲ್ಲಿಯೂ ಸಂಘ ಕಟ್ಟಿದರು. ಅಮಾಲಿ ಮದುವೆಯಾಗಲಿಲ್ಲ. ಹೊರಗಿನವರು ತಂದೆಯ ಹೆಸರನ್ನು ಬಲ್ಲರು. ಆ ಸಾವಿರಾರು ಪತ್ರಗಳ ಹಿಂದಿನ ಕೈ ಯಾರದೆಂದು ಬಲ್ಲವರು ಕಡಿಮೆ. ನಮ್ಮ ಹೆಣ್ಣುಮಕ್ಕಳು ಅವಳ ಹೆಸರನ್ನೂ ಜತೆಗೆ ನೆನಪಿಡಲಿ ಎಂದು ಇಲ್ಲಿ ಬರೆದಿದ್ದೇನೆ.

ಒಂದು ಊರಿನ ಸಂಘದಲ್ಲಿ ಹಣ ಮಿಕ್ಕಿರುತ್ತದೆ, ಪಕ್ಕದ ಊರಿನಲ್ಲಿ ಸಾಲಕ್ಕೆ ಹಣವಿರುವುದಿಲ್ಲ. ಈ ಏರುಪೇರನ್ನು ಸರಿಪಡಿಸಲು 1872ರಲ್ಲಿ ನೊಯ್‌ವೀಡ್‌ನಲ್ಲಿ ಸಂಘಗಳೆಲ್ಲ ಸೇರಿದ ಒಂದು ಕೇಂದ್ರ ಬ್ಯಾಂಕನ್ನು ಸ್ಥಾಪಿಸಿದರು. ನಮ್ಮ ಜಿಲ್ಲಾ ಸಹಕಾರಿ ಬ್ಯಾಂಕುಗಳ ಮೂಲ ರೂಪವಿದು. ಇದರಿಂದ ದೊಡ್ಡ ಜಗಳವೂ ಎದ್ದಿತು. ಕೆಲವೇ ತಿಂಗಳ ಠೇವಣಿ ಪಡೆದು ವರ್ಷಗಟ್ಟಲೆ ಸಾಲ ಕೊಟ್ಟರೆ ಬ್ಯಾಂಕು ಮುಳುಗೀತೆಂದು ಷುಲ್ಟ್ಸೆ-ಡೆಲಿಚ್ ಬಲವಾಗಿ ವಿರೋಧಿಸಿದರು. ಪಟ್ಟಣದ ಚಮ್ಮಾರನಿಗೆ ಮೂರು ತಿಂಗಳ ಸಾಲ ಸಾಕಾದೀತು, ಕರು ಹಸುವಾಗಲು ಮೂರು ತಿಂಗಳು ಸಾಲದು ಎಂಬುದು ರೈಫೈಸನ್‌ರ ನಿಲುವು. ಇಬ್ಬರದರಲ್ಲಿಯೂ ಸತ್ಯವಿತ್ತು. ಕೇಂದ್ರ ಬ್ಯಾಂಕಿನ ರಚನೆಯನ್ನು ರೈಫೈಸನ್ ಬದಲಾಯಿಸಬೇಕಾಯಿತು. ದೀರ್ಘ ವಾಯಿದೆಯ ಸಾಲವನ್ನು ಮಾತ್ರ ಬಿಟ್ಟುಕೊಡಲಿಲ್ಲ.

1888ನೇ ಇಸವಿ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ, ಅವರು ಕಾಲವಾದರು. ಎರಡು ದಿನ ಮೊದಲು ಚಕ್ರವರ್ತಿ ಒಂದನೆಯ ವಿಲ್ಹೆಲ್ಮ್ ತೀರಿಕೊಂಡಿದ್ದರಿಂದ ಇಡೀ ಜರ್ಮನಿ ಶೋಕದಲ್ಲಿತ್ತು. ಅಷ್ಟು ಹೊತ್ತಿಗೆ ಅವರ ಕ್ರಮದಂತೆ ನಡೆಯುವ 423 ಸಂಘಗಳಿದ್ದವು. ಹಿಂದೆ ಹಿಟ್ಟಿಗೆ ನಗದು ಕೇಳಿದ್ದ ಪ್ರಷ್ಯದ ಸರಕಾರ 1895ರಲ್ಲಿ ತನ್ನದೇ ಬಂಡವಾಳ ಹಾಕಿ, ಸಹಕಾರಿ ಸಂಘಗಳಿಗೆ ಹಣ ಒದಗಿಸಲೆಂದೇ ಒಂದು ಬ್ಯಾಂಕನ್ನು ತೆರೆಯಿತು.

ಅದೇ 1895ನೇ ಇಸವಿ ನಮಗೂ ಸಂಬಂಧಪಟ್ಟದ್ದು. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ಬಡ್ಡಿ ತಡೆಯಲಾರದೆ ದಂಗೆಯೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟಿದ್ದರು. ಮುಂದೆ ಮದರಾಸು ಸರಕಾರ ರೈತರ ಸಾಲಕ್ಕೆ ದಾರಿ ಹುಡುಕಲು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ನಮ್ಮ ಊರು ಅಂದು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತೆಂಬುದು ನಿಮಗೆ ಗೊತ್ತಿದೆ. 1956ರ ವರೆಗೂ ಅದು ಆ ಜಿಲ್ಲೆಯಲ್ಲಿಯೇ ಇತ್ತು. ನಿಕಲ್ಸನ್ ಯುರೋಪಿನ ಪದ್ಧತಿಗಳನ್ನೆಲ್ಲ ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ಎರಡು ದಪ್ಪ ಸಂಪುಟಗಳ ವರದಿಯನ್ನು ಒಪ್ಪಿಸಿದರು. ಆ ಸಾವಿರಾರು ಸಾಲುಗಳ ಸಾರವೆಂದರೆ ಇಲ್ಲಿಗೂ ಒಬ್ಬ ರೈಫೈಸನ್ ಬೇಕು ಎಂಬುದೇ. 1904ರ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆಗಾರಿಕೆಯನ್ನು ವಿಧಿಸಿದ್ದು ಆನ್‌ಹೌಸನ್‌ನ ಕ್ರಮವನ್ನು ಕಂಡೇ. ಆ ಕಾಯಿದೆಯಂತೆ 1905ರಲ್ಲಿ ದೇಶದ ಮೊದಲ ಸಂಘ ತೆರೆದದ್ದು ಗದಗಿನ ಬಳಿಯ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ನಮ್ಮ ಕಡೆಯಲ್ಲಿ ಪುತ್ತೂರಿನ ಮೊಳಹಳ್ಳಿ ಶಿವರಾಯರು ಈ ಕೆಲಸಕ್ಕಾಗಿ ಊರೂರು ತಿರುಗಿದರು.

ಒಂದು ವ್ಯತ್ಯಾಸವನ್ನು ಮಾತ್ರ ಹೇಳಿ ಮುಗಿಸುತ್ತೇನೆ. ವೆಸ್ಟರ್‌ವಾಲ್ಡ್‌ನಲ್ಲಿ ಸಂಘ ಮೊದಲು ಹುಟ್ಟಿತು, ಸರಕಾರದ ಬ್ಯಾಂಕು ಆಮೇಲೆ ಬಂತು. ನಮ್ಮಲ್ಲಿ ಕಾಯಿದೆ ಮತ್ತು ರಿಜಿಸ್ಟ್ರಾರರು ಮೊದಲು ಬಂದರು, ಸಂಘಗಳು ಆಮೇಲೆ. 1954ರಲ್ಲಿ ಗ್ರಾಮೀಣ ಸಾಲದ ಸಮೀಕ್ಷೆಯ ವರದಿ ಬಂದ ನಂತರ ಸರಕಾರವೇ ಸೊಸೈಟಿಗಳಲ್ಲಿ ಪಾಲು ಬಂಡವಾಳ ಹಾಕತೊಡಗಿತು. ಅಪರಿಮಿತ ಹೊಣೆಗಾರಿಕೆ ಕ್ರಮೇಣ ಮರೆಯಾಯಿತು. ಅದರಿಂದ ಬಡವನಿಗೆ ಭಯ ಕಡಿಮೆಯಾಯಿತು, ಸಾಲವೂ ಹೆಚ್ಚು ಸಿಕ್ಕಿತು. ನೆರೆಯವನ ಸಾಲ ತನ್ನದೂ ಹೌದೆಂಬ ಕಾಳಜಿ ಅಷ್ಟರಮಟ್ಟಿಗೆ ಸಡಿಲವಾಯಿತೆಂದು ನನ್ನ ಅನಿಸಿಕೆ. ಹೆತ್ತವರಲ್ಲಿ ಸೊಸೈಟಿಯ ನಿರ್ದೇಶಕರಾಗಿ ದುಡಿದವರು ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು. ಈಗಲೂ ಸಾಲದ ಅರ್ಜಿಯಲ್ಲಿ ಜಾಮೀನುದಾರರ ಸಹಿಗೆಂದು ಜಾಗ ಬಿಟ್ಟಿರುತ್ತಾರೆ. ಅಲ್ಲಿ ಒಬ್ಬರೋ ಇಬ್ಬರೋ ಸಹಿ ಹಾಕುತ್ತಾರೆ. ಆನ್‌ಹೌಸನ್‌ನಲ್ಲಿ ಆ ಹೊಣೆಯನ್ನು ಹೊತ್ತದ್ದು ಸಂಘದ ಅಷ್ಟೂ ಮಂದಿ ಸದಸ್ಯರು.